ಕಾಂಬಿ ಬಾಯ್ಲರ್‌ನಿಂದ ಉಗುರುಬೆಚ್ಚಗಿನ ನೀರಷ್ಟೇ ಬರುತ್ತಿದ್ದರೆ: ದೋಷ ಹುಡುಕುವ ಕ್ರಮ

ನಲ್ಲಿಯ ನೀರನ್ನೂ ಮನೆ ಬೆಚ್ಚಗಿಡುವ ರೇಡಿಯೇಟರ್‌ಗಳ ನೀರನ್ನೂ ಗ್ಯಾಸ್‌ನಿಂದ ಕಾಯಿಸುವ ಒಂದೇ ಯಂತ್ರ ಕಾಂಬಿ ಬಾಯ್ಲರ್. ಬಿಸಿನೀರಿನ ನಲ್ಲಿ ತಿರುಗಿಸಿದ ಕೂಡಲೇ ಅದು ಹೊತ್ತಿಕೊಳ್ಳುತ್ತದೆ, ಸದ್ದೂ ಎಂದಿನಂತೆಯೇ ಇರುತ್ತದೆ, ಆದರೆ ಬರುವ ನೀರು ಮಾತ್ರ ಉಗುರುಬೆಚ್ಚಗಿರುತ್ತದೆ. ನೀರು ಪೂರಾ ತಣ್ಣಗೆ ಬಂದರೆ ಬಾಯ್ಲರ್ ಕೆಟ್ಟಿದೆಯೆಂದು ತಿಳಿಯುವುದು ಸುಲಭ. ಅರೆಬೆಚ್ಚಗೆ ಬಂದಾಗ ಹಾಗಲ್ಲ. ಯಂತ್ರವೇ ಅರ್ಧ ಕೆಲಸ ಮಾಡುತ್ತಿದೆಯೋ, ಅದು ಪೂರ್ತಿ ಕಾಯಿಸಿದ ನೀರು ದಾರಿಯಲ್ಲಿ ತಣಿಯುತ್ತಿದೆಯೋ ಎಂಬುದು ಹೊರಗಿನಿಂದ ಕಾಣುವುದಿಲ್ಲ. ಊಹೆಯ ಮೇಲೆ ಬಿಡಿಭಾಗಗಳನ್ನು ಬದಲಿಸುತ್ತ ಹೋದರೆ ಹಣ ಕರಗುತ್ತದೆಯೇ ಹೊರತು ನೀರು ಕಾಯುವುದಿಲ್ಲ. ಆದ್ದರಿಂದ ಒಂದು ಬಕೆಟ್, ಒಂದು ಥರ್ಮಾಮೀಟರ್, ಒಂದು ಗಡಿಯಾರ ಇಟ್ಟುಕೊಂಡು ಮೊದಲು ಅಳೆಯಬೇಕೆಂಬುದು ನನ್ನ ಆಗ್ರಹ.

ಅದಕ್ಕೂ ಮುಂಚೆ ಒಂದು ಎಚ್ಚರಿಕೆ. ಬಾಯ್ಲರ್‌ನ ಹೊರಕವಚವನ್ನು ಬಿಚ್ಚಬೇಡಿ. ಅನೇಕ ಮಾದರಿಗಳಲ್ಲಿ ಆ ಕವಚವೇ ದಹನದ ಅನಿಲ ಕೋಣೆಯೊಳಗೆ ಬಾರದಂತೆ ತಡೆಯುವ ಗೋಡೆ. ಅದು ಸಡಿಲಗೊಂಡರೆ ಬಣ್ಣವಾಗಲಿ ವಾಸನೆಯಾಗಲಿ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಮನೆಯೊಳಗೆ ಸೇರಿ ಪ್ರಾಣಕ್ಕೇ ಕುತ್ತಾಗಬಹುದು. ಗ್ಯಾಸ್ ವಾಸನೆ ಬಂದರೆ ಪರೀಕ್ಷೆಯನ್ನು ಅಲ್ಲಿಗೇ ನಿಲ್ಲಿಸಿ, ಯಾವ ಸ್ವಿಚ್ಚನ್ನೂ ಮುಟ್ಟದೆ, ಗ್ಯಾಸ್ ವಾಲ್ವ್ ಮುಚ್ಚಿ, ಕಿಟಕಿ ತೆರೆದು, ಮನೆಯಿಂದ ಹೊರಗೆ ಬಂದು ತುರ್ತು ಸೇವೆಗೆ ಕರೆ ಮಾಡಿ. ಇಲ್ಲಿ ಹೇಳಿರುವ ಮನೆಯವರ ಪರೀಕ್ಷೆಗಳೆಲ್ಲ ಕವಚದ ಹೊರಗೇ ಮುಗಿಯುವಂಥವು.

ಕಾಂಬಿ ಬಾಯ್ಲರ್‌ನಲ್ಲಿ ಬಿಸಿನೀರನ್ನು ಕೂಡಿಡುವ ದೊಡ್ಡ ಟ್ಯಾಂಕ್ ಇರುವುದಿಲ್ಲ. ನಲ್ಲಿ ತೆರೆದಾಗ ಒಳಗಿನ ಫ್ಲೋ ಸೆನ್ಸರ್ ನೀರಿನ ಹರಿವನ್ನು ಗುರುತಿಸುತ್ತದೆ, ಬರ್ನರ್ ಹೊತ್ತಿಕೊಳ್ಳುತ್ತದೆ, ಡೈವರ್ಟರ್ ವಾಲ್ವ್ ಎಂಬ ಭಾಗವು ರೇಡಿಯೇಟರ್‌ಗಳತ್ತ ಹೋಗುವ ಕಾದ ನೀರನ್ನು ತಿರುಗಿಸಿ ಪ್ಲೇಟ್ ಹೀಟ್ ಎಕ್ಸ್‌ಚೇಂಜರ್‌ಗೆ ಕಳುಹಿಸುತ್ತದೆ. ಅಲ್ಲಿ ತೆಳುವಾದ ಲೋಹದ ಹಾಳೆಗಳ ಒಂದು ಬದಿಯಲ್ಲಿ ಕಾದ ನೀರು, ಇನ್ನೊಂದು ಬದಿಯಲ್ಲಿ ನಲ್ಲಿಗೆ ಹೋಗುವ ತಣ್ಣೀರು ಹರಿಯುತ್ತವೆ. ಎರಡೂ ಬೆರೆಯದೆ ಶಾಖ ಮಾತ್ರ ದಾಟುತ್ತದೆ. ಎಲ್ಲವೂ ಹರಿಯುತ್ತಿರುವಾಗಲೇ ಆಗಬೇಕಾದ ಕೆಲಸವಾದ್ದರಿಂದ ನೀರು ಎಷ್ಟು ವೇಗವಾಗಿ ಹಾದುಹೋಗುತ್ತದೆ ಎಂಬುದರ ಮೇಲೆ ಅದರ ಬಿಸಿ ನಿಂತಿದೆ.

ಮೊದಲು ಬಾಯ್ಲರ್‌ನ ಮುಂಭಾಗ ನೋಡಿ. ಬಿಸಿನೀರಿನ ತಾಪಮಾನವನ್ನು ಯಾರಾದರೂ ಇಳಿಸಿದ್ದಾರೆಯೇ? ಸಾಮಾನ್ಯವಾಗಿ 50 ಡಿಗ್ರಿ ಸೆಲ್ಸಿಯಸ್ ಆಸುಪಾಸು ಸಾಕಾಗುತ್ತದೆ. 60 ಡಿಗ್ರಿಯ ನೀರು ಕೆಲವೇ ಸೆಕೆಂಡುಗಳಲ್ಲಿ ಚರ್ಮ ಸುಡುವುದರಿಂದ, ಮಕ್ಕಳು ಮತ್ತು ವಯಸ್ಸಾದವರಿರುವ ಮನೆಯಲ್ಲಿ ದೋಷವನ್ನು ಮರೆಮಾಚಲು ಗುಬುಟನ್ನು ಏರಿಸುತ್ತ ಹೋಗಬಾರದು. ಒಳಗಿನ ನೀರಿನ ಒತ್ತಡ ತೋರಿಸುವ ಪ್ರೆಶರ್ ಗೇಜ್ ಕೂಡ ನೋಡಿ. ಯಂತ್ರ ತಣ್ಣಗಿರುವಾಗ ಅದು ಹೆಚ್ಚಾಗಿ 1ರಿಂದ 1.5 ಬಾರ್ ನಡುವೆ ಇರಬೇಕು. ಕಡಿಮೆಯಿದ್ದರೆ ಕೈಪಿಡಿಯಲ್ಲಿ ಹೇಳಿದ ರೀತಿಯಲ್ಲಿ ನೀರು ತುಂಬಿಸಿ. ಮೇಲಿಂದ ಮೇಲೆ ಇಳಿಯುತ್ತಿದ್ದರೆ ಎಲ್ಲೋ ಸೋರಿಕೆಯಿದೆ ಅಥವಾ ಕಾದು ಹಿಗ್ಗುವ ನೀರಿಗೆ ಜಾಗ ಕೊಡುವ ಒಳಗಿನ ಎಕ್ಸ್‌ಪ್ಯಾನ್ಶನ್ ವೆಸೆಲ್ ಕೆಟ್ಟಿದೆ ಎಂದರ್ಥ.

ಇನ್ನು ಅಳತೆ. ಶವರ್‌ನಲ್ಲಿ ಅಳೆಯಬೇಡಿ, ಬಿಸಿ-ತಣ್ಣೀರು ಬೆರೆಯದ, ಬಾಯ್ಲರ್‌ಗೆ ಹತ್ತಿರದ ಬಿಸಿನೀರಿನ ನಲ್ಲಿಯೊಂದನ್ನು ಆರಿಸಿಕೊಳ್ಳಿ. ತಣ್ಣೀರಿನ ತಾಪಮಾನವನ್ನು ಬರೆದುಕೊಂಡು, ಬಿಸಿನೀರಿನ ನಲ್ಲಿಯನ್ನು ಪೂರ್ತಿ ತೆರೆದು ಎರಡು ನಿಮಿಷ ಬಿಟ್ಟು ಅದರ ತಾಪಮಾನವನ್ನೂ ಬರೆದುಕೊಳ್ಳಿ. ಬಳಿಕ 30 ಸೆಕೆಂಡುಗಳಲ್ಲಿ ಬಕೆಟ್‌ಗೆ ಎಷ್ಟು ಲೀಟರ್ ಬೀಳುತ್ತದೆಂದು ನೋಡಿ ಎರಡರಿಂದ ಗುಣಿಸಿದರೆ ನಿಮಿಷದ ಹರಿವು ಸಿಗುತ್ತದೆ. ಒಂದು ಕಿಲೋವ್ಯಾಟ್ ಶಕ್ತಿ ನಿಮಿಷಕ್ಕೆ ಒಂದು ಲೀಟರ್ ಹರಿಯುವ ನೀರನ್ನು ಸುಮಾರು 14.3 ಡಿಗ್ರಿ ಬಿಸಿ ಮಾಡುತ್ತದೆ. ಆದ್ದರಿಂದ ಹರಿವನ್ನು ತಾಪಮಾನದ ಏರಿಕೆಯಿಂದ ಗುಣಿಸಿ 14.3ರಿಂದ ಭಾಗಿಸಿದರೆ ನೀರಿಗೆ ನಿಜವಾಗಿ ತಲುಪುತ್ತಿರುವ ಶಕ್ತಿ ಕಿಲೋವ್ಯಾಟ್‌ನಲ್ಲಿ ಸಿಗುತ್ತದೆ.

ಈ ಲೆಕ್ಕದ ಬೆಲೆ ಉದಾಹರಣೆಯಲ್ಲಿ ಗೊತ್ತಾಗುತ್ತದೆ. 24 ಕಿಲೋವ್ಯಾಟ್ ಬಾಯ್ಲರ್‌ನ ನಲ್ಲಿಯಲ್ಲಿ ನಿಮಿಷಕ್ಕೆ 14 ಲೀಟರ್ ಹರಿಯುತ್ತಿದ್ದರೆ ಯಂತ್ರ ತನ್ನ ಪೂರ್ಣ ಶಕ್ತಿ ಹಾಕಿದರೂ ಏರಿಕೆ ಸುಮಾರು 24.5 ಡಿಗ್ರಿ ಮಾತ್ರ. ಬೇಸಿಗೆಯಲ್ಲಿ 20 ಡಿಗ್ರಿಯಲ್ಲಿ ಒಳಬರುವ ನೀರು 44 ದಾಟಿ ಹಿತವಾಗಿರುತ್ತದೆ; ಚಳಿಗಾಲದಲ್ಲಿ 8 ಡಿಗ್ರಿಯಲ್ಲಿ ಬಂದದ್ದು 32ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಇಲ್ಲಿ ಯಾವ ಭಾಗವೂ ಕೆಟ್ಟಿಲ್ಲ. ನಲ್ಲಿಯನ್ನು ಸ್ವಲ್ಪ ತಿರುಗಿಸಿ ಹರಿವನ್ನು 9 ಲೀಟರ್‌ಗೆ ಇಳಿಸಿದರೆ ಏರಿಕೆ 38 ಡಿಗ್ರಿಯಾಗುತ್ತದೆ. ಶಾಶ್ವತ ಪರಿಹಾರವಾಗಿ ಬಾಯ್ಲರ್‌ನ ಒಳಹರಿವಿನ ಕೊಳವೆಗೆ ಹರಿವನ್ನು ಮಿತಿಯಲ್ಲಿಡುವ ಫ್ಲೋ ರೆಸ್ಟ್ರಿಕ್ಟರ್ ಹಾಕಿಸಬಹುದು. ಎರಡು ನಲ್ಲಿಗಳನ್ನು ಒಟ್ಟಿಗೆ ತೆರೆದಾಗ ಮಾತ್ರ ನೀರು ತಣಿಯುವ ಮನೆಗಳಲ್ಲೂ ಕಾರಣ ಇದೇ. ಹಾಗೆಂದು ನಲ್ಲಿಯನ್ನು ತೀರ ಸಣ್ಣಗೆ ಬಿಟ್ಟರೆ ಹರಿವು ಸೆನ್ಸರ್‌ಗೆ ಗೊತ್ತಾಗದೆ ಬರ್ನರ್ ಹೊತ್ತುವುದೇ ಇಲ್ಲ. ಅನೇಕ ಮಾದರಿಗಳಿಗೆ ನಿಮಿಷಕ್ಕೆ ಸುಮಾರು 2ರಿಂದ 2.5 ಲೀಟರ್ ಆದರೂ ಬೇಕು.

ಅದೇ ಬಾಯ್ಲರ್‌ನಲ್ಲಿ 9 ಲೀಟರ್ ಹರಿವಿಗೆ 20 ಡಿಗ್ರಿಯಷ್ಟೇ ಏರಿಕೆ ಕಂಡರೆ ನೀರಿಗೆ ತಲುಪುತ್ತಿರುವುದು 12.6 ಕಿಲೋವ್ಯಾಟ್, ಅಂದರೆ ಅರ್ಧಕ್ಕಿಂತ ತುಸು ಹೆಚ್ಚು. ಉಳಿದದ್ದು ಏನಾಯಿತೆಂದು ಈಗ ಹುಡುಕಬೇಕು.

ಬಾಯ್ಲರ್‌ನ ಕೆಳಗಿನಿಂದ ಹೊರಡುವ ಬಿಸಿನೀರಿನ ಕೊಳವೆಯನ್ನು ಎಚ್ಚರದಿಂದ ಕ್ಷಣಮಾತ್ರ ಮುಟ್ಟಿ ನೋಡಿ. ಅಲ್ಲಿ ಚೆನ್ನಾಗಿ ಬಿಸಿಯಿದ್ದು ನಲ್ಲಿಯಲ್ಲಿ ಬೆಚ್ಚಗಷ್ಟೇ ಇದ್ದರೆ ದಾರಿಯಲ್ಲಿ ತಣ್ಣೀರು ಸೇರುತ್ತಿದೆ. ಕಾಯಿಸುವ ಯಂತ್ರದ ಮೇಲೇ ಎಲ್ಲರ ಅನುಮಾನ ಹೋಗುವುದರಿಂದ ಈ ದೋಷ ಬಹಳ ಸಲ ಕಣ್ತಪ್ಪುತ್ತದೆ. ಖಚಿತಪಡಿಸಿಕೊಳ್ಳಲು ಬಾಯ್ಲರ್ ಆರಿಸಿ, ಅದಕ್ಕೆ ತಣ್ಣೀರು ಕೊಡುವ ವಾಲ್ವ್ ಮುಚ್ಚಿ, ಬಿಸಿನೀರಿನ ನಲ್ಲಿ ತೆರೆಯಿರಿ. ಕೊಳವೆಯಲ್ಲಿ ಉಳಿದ ನೀರು ಹರಿದು ಸ್ವಲ್ಪ ಹೊತ್ತಿನಲ್ಲಿ ಧಾರೆ ನಿಲ್ಲಬೇಕು. ನಿಲ್ಲದೆ ಹರಿಯುತ್ತಲೇ ಇದ್ದರೆ ಯಾವುದೋ ಮಿಕ್ಸರ್ ನಲ್ಲಿಯ ಅಥವಾ ಥರ್ಮೋಸ್ಟಾಟಿಕ್ ಶವರ್‌ನ ಒಳಗಿನ, ನೀರು ಹಿಮ್ಮುಖವಾಗಿ ಹರಿಯದಂತೆ ತಡೆಯುವ ನಾನ್-ರಿಟರ್ನ್ ವಾಲ್ವ್ ಸವೆದು, ತಣ್ಣೀರು ಬಿಸಿನೀರಿನ ಕೊಳವೆಗೆ ನುಗ್ಗುತ್ತಿದೆ. ಒಂದೊಂದೇ ಮಿಕ್ಸರ್‌ನ ತಣ್ಣೀರಿನ ವಾಲ್ವನ್ನು ಮುಚ್ಚುತ್ತ ಬಂದರೆ ಯಾವುದನ್ನು ಮುಚ್ಚಿದಾಗ ಧಾರೆ ನಿಂತಿತೋ ಅದರ ಒಳಗಿನ, ವಾಲ್ವ್‌ಗಳಿರುವ ಬಿಡಿಭಾಗವಾದ ಕಾರ್ಟ್ರಿಜ್ ಬದಲಿಸಿದರಾಯಿತು. ಒಂದೇ ಶವರ್‌ನಲ್ಲಿ ಮಾತ್ರ ತೊಂದರೆಯಿದ್ದರೆ ಈ ಪರೀಕ್ಷೆಗೂ ಮೊದಲು ಆ ಶವರ್ ಅನ್ನೇ ಅನುಮಾನಿಸಿ.

ಬಾಯ್ಲರ್‌ನ ಬುಡದಲ್ಲೇ ನೀರು ಸಾಕಷ್ಟು ಕಾಯುತ್ತಿಲ್ಲವಾದರೆ ಮನೆ ಬಿಸಿಮಾಡುವ ವ್ಯವಸ್ಥೆಯನ್ನು ಆರಿಸಿ, ರೇಡಿಯೇಟರ್‌ಗಳು ಪೂರ್ತಿ ತಣಿದ ಮೇಲೆ, ಬಿಸಿನೀರಿನ ನಲ್ಲಿಯನ್ನು ಐದು ನಿಮಿಷ ಹರಿಯಬಿಡಿ. ಬಾಯ್ಲರ್‌ಗೆ ಹತ್ತಿರದ ರೇಡಿಯೇಟರ್ ಬೆಚ್ಚಗಾಗತೊಡಗಿದರೆ ಡೈವರ್ಟರ್ ವಾಲ್ವ್ ಪೂರ್ತಿ ತಿರುಗದೆ ಮಧ್ಯದಲ್ಲಿ ಸಿಲುಕಿದೆ. ನಲ್ಲಿಗೆ ಸಿಗಬೇಕಾದ ಶಾಖ ಗೋಡೆಯ ಪಾಲಾಗುತ್ತಿದೆ. ರೇಡಿಯೇಟರ್‌ಗೆ ಹೋಗುವ ಕೊಳವೆ ಬಾಯ್ಲರ್‌ನ ಪಕ್ಕದಲ್ಲಷ್ಟೇ ಬೆಚ್ಚಗಾದರೆ ಅದನ್ನು ಪುರಾವೆಯೆಂದು ಎಣಿಸಬೇಡಿ, ಲೋಹದ ಮೂಲಕ ಶಾಖ ಅಷ್ಟು ದೂರ ಸಹಜವಾಗಿ ಹರಡುತ್ತದೆ.

ರೇಡಿಯೇಟರ್ ತಣ್ಣಗೇ ಇದ್ದು, ಬರ್ನರ್ ಕೆಲ ಸೆಕೆಂಡು ಉರಿದು ಆರಿ, ಮತ್ತೆ ಹೊತ್ತಿ, ನೀರು ಒಮ್ಮೆ ಬಿಸಿ ಒಮ್ಮೆ ಬೆಚ್ಚಗೆ ಬರುತ್ತಿದ್ದರೆ ಪ್ಲೇಟ್ ಹೀಟ್ ಎಕ್ಸ್‌ಚೇಂಜರ್ ಕಟ್ಟಿಕೊಂಡಿರುವ ಸಂಭವ ಹೆಚ್ಚು. ಶಾಖ ನಲ್ಲಿಯ ನೀರಿಗೆ ದಾಟದೆ ಒಳಗಿನ ನೀರೇ ಬೇಗ ಮಿತಿಮೀರಿ ಕಾಯುವುದರಿಂದ ಬಾಯ್ಲರ್ ತನ್ನನ್ನು ಕಾಪಾಡಿಕೊಳ್ಳಲು ಉರಿಯನ್ನು ಆರಿಸುತ್ತದೆ. ಕಟ್ಟಿಕೊಳ್ಳುವುದು ಎರಡು ಬದಿಯಲ್ಲಿ. ನಲ್ಲಿಯ ನೀರಿನ ಬದಿಯಲ್ಲಿ ಗಡಸು ನೀರಿನ ಸುಣ್ಣ ಪದರಗಟ್ಟುತ್ತದೆ, ಬಿಸಿನೀರಿನ ಧಾರೆಯೂ ಸಣ್ಣದಾಗುತ್ತದೆ. ನೀರು ಹೆಚ್ಚು ಕಾದಷ್ಟೂ ಸುಣ್ಣ ಬೇಗ ಕೂರುವುದರಿಂದ ತಾಪಮಾನ ಏರಿಸುವುದು ಇಲ್ಲೂ ತಪ್ಪು ಮದ್ದು. ರೇಡಿಯೇಟರ್‌ನ ಬದಿಯಲ್ಲಿ ಕೂರುವುದು ಕಬ್ಬಿಣದ ಆಕ್ಸೈಡಿನ ಕಪ್ಪು ಕೆಸರು. ಕೆಸರಿದ್ದರೆ ಹೊಸ ಎಕ್ಸ್‌ಚೇಂಜರ್ ಹಾಕಿಸಿ ಸುಮ್ಮನಾಗಬೇಡಿ. ಇಡೀ ವ್ಯವಸ್ಥೆಯನ್ನು ತೊಳೆಸಿ, ಮ್ಯಾಗ್ನೆಟಿಕ್ ಫಿಲ್ಟರ್ ಕೂರಿಸಿ, ತುಕ್ಕು ತಡೆಯುವ ಇನ್ಹಿಬಿಟರ್ ಸೇರಿಸದಿದ್ದರೆ ಹೊಸದೂ ಅದೇ ರೀತಿ ಕಟ್ಟಿಕೊಳ್ಳುತ್ತದೆ.

ಹರಿವನ್ನು ಇಳಿಸಿದರೂ ತಾಪಮಾನ ಏರದೆ ಒಂದೇ ಮಟ್ಟದಲ್ಲಿ ನಿಂತು, ತಣ್ಣೀರೂ ಬೆರೆಯುತ್ತಿಲ್ಲವಾದರೆ ನೀರಿನ ತಾಪಮಾನ ಅಳೆಯುವ ಸೆನ್ಸರ್ ಆದ ಥರ್ಮಿಸ್ಟರ್ ಸುಳ್ಳು ಹೇಳುತ್ತಿರಬಹುದು. ನೀರು ಇರುವುದಕ್ಕಿಂತ ಬಿಸಿಯಾಗಿದೆಯೆಂದು ಅದು ತಿಳಿಸಿದರೆ ಬಾಯ್ಲರ್ ಉರಿಯನ್ನು ತಗ್ಗಿಸುತ್ತದೆ. ಇದರ ರೋಧವನ್ನು ಮಲ್ಟಿಮೀಟರ್‌ನಿಂದ ಅಳೆದು ತಯಾರಕರ ಪಟ್ಟಿಯೊಡನೆ ಹೋಲಿಸುವುದು ತಂತ್ರಜ್ಞರ ಕೆಲಸ. ಗ್ಯಾಸ್ ಒತ್ತಡವೂ ಹಾಗೆಯೇ. ಬಾಯ್ಲರ್ ಹೊತ್ತಿದಾಗ ಅಡುಗೆ ಒಲೆಯ ಉರಿ ಕುಗ್ಗುತ್ತಿದ್ದರೆ ತಪ್ಪದೆ ತಿಳಿಸಿ.

ಗ್ಯಾಸ್ ಕೆಲಸಕ್ಕೆ ಅಧಿಕೃತ ಪರವಾನಗಿಯುಳ್ಳ ತಂತ್ರಜ್ಞರನ್ನೇ ಕರೆಯಿರಿ. ಬಂದವರಿಗೆ ತಣ್ಣೀರಿನ ಮತ್ತು ಬಿಸಿನೀರಿನ ತಾಪಮಾನ, ಹರಿವು, ಪ್ರೆಶರ್, ರೇಡಿಯೇಟರ್ ಪರೀಕ್ಷೆಯ ಫಲ, ಬಾಯ್ಲರ್ ತೋರಿಸಿದ ದೋಷಸಂಕೇತ ಇವನ್ನು ಬರೆದ ಹಾಳೆಯನ್ನು ಕೊಡಿ. ರಿಪೇರಿ ಮುಗಿದ ಮೇಲೆ, ಅವರು ಹೊರಡುವ ಮುನ್ನ, ಅದೇ ನಲ್ಲಿಯಲ್ಲಿ ಅದೇ ಬಕೆಟ್ ಇಟ್ಟು ಇನ್ನೊಮ್ಮೆ ಅಳೆದು ಹಳೆಯ ಅಂಕಿಗಳ ಪಕ್ಕದಲ್ಲೇ ಬರೆದುಕೊಳ್ಳಿ.