ಕಾರಿಲ್ಲದೆ ಫೆಥಿಯೆ: ಮೂರನೇ ಸಲಕ್ಕೆ ಲೆಕ್ಕ ಕೂಡಿಬಂತು

"ಅಮ್ಮನಿಗೆ ಅರವತ್ತೆಂಟು, ಮಗಳಿಗೆ ಒಂಬತ್ತು. ಇವರನ್ನ ಕಟ್ಕೊಂಡು ಡೊಲ್ಮುಶ್‌ನಲ್ಲಿ ಓಡಾಡ್ತೀಯಾ?" ಅಂತ ಭಾವ ಕೇಳಿದ್ದರು. ಓಡಾಡಿದೆವು, ಟರ್ಕಿಯ ಕರಾವಳಿ ಪಟ್ಟಣ ಫೆಥಿಯೆಯಲ್ಲಿ. ಡೊಲ್ಮುಶ್ ಅಂದರೆ ಅಲ್ಲಿನ ಜನ ಹಂಚಿಕೊಂಡು ಹೋಗುವ ಮಿನಿಬಸ್. ಎಂಟು ದಿನ, ನಾಲ್ಕು ಜನ, ಬಾಡಿಗೆ ಕಾರಿಲ್ಲ, ಪ್ಯಾಕೇಜ್ ಇಲ್ಲ.

ಇದನ್ನು ದುಡ್ಡು ಕಳೆದುಕೊಂಡೇ ಕಲಿತದ್ದು. ಜರ್ಮನಿಯಿಂದ ಮೊದಲ ಸಲ ಬಂದಾಗ ಹತ್ತಿರದ ಓಲುದೆನಿಜ್ ಕಡಲ ದಂಡೆ ಪಕ್ಕದಲ್ಲೇ ಕೋಣೆ ಹಿಡಿದೆ. ಊಟ, ನೀರು, ಛತ್ರಿ ಎಲ್ಲಕ್ಕೂ ಫೆಥಿಯೆ ಪೇಟೆಯ ಒಂದೂವರೆ ಪಟ್ಟು ತೆತ್ತೆ. ಸಕ್ಲಿಕೆಂಟ್ ಕಮರಿಗೆ ಪ್ಯಾಕೇಜ್ ತಲೆಗೆ ನಲವತ್ತು ಯೂರೋ ಆಸುಪಾಸು. ಕಮರಿಯೊಳಗೆ ಬಿಟ್ಟದ್ದು ಮುಕ್ಕಾಲು ಗಂಟೆ, ಜಮಖಾನೆ ಅಂಗಡಿಯಲ್ಲಿ ಕೂರಿಸಿದ್ದು ಅದಕ್ಕಿಂತ ಹೆಚ್ಚು. 18 ಕಿ.ಮೀ. ಉದ್ದದ ಕಮರಿಯಲ್ಲಿ ಬಾಗಿಲು ನೋಡಿ ಬಂದ ಹಾಗಾಯಿತು.

ಎರಡನೇ ಸಲ ಕಾರು, ಅದೂ ಆಗಸ್ಟ್‌ನಲ್ಲಿ. ಮೇಲಿನ ಕಾಯಾಕೊಯ್ ಊರಿನಿಂದ ಓಲುದೆನಿಜ್‌ಗೆ ಕಾಡುದಾರಿಯಲ್ಲಿ ನಡೆದು ಇಳಿಯುವ ಆಸೆ. ಆದರೆ ಕಾರು ಮೇಲೆ ನಿಂತಿದೆಯಲ್ಲ! ಅದಕ್ಕಾಗಿ ಮತ್ತೆ ಹತ್ತಬೇಕು. ಹನ್ನೊಂದರ ಬಿಸಿಲಿಗೆ ಅರ್ಧ ಗಂಟೆಯಲ್ಲೇ ಎರಡು ಲೀಟರ್ ನೀರು ಖಾಲಿ, ವಾಪಸ್. ಅವತ್ತೇ ತಲೆಗೆ ಹೋಯಿತು: ಇಲ್ಲಿನ ಒಳ್ಳೆಯ ಜಾಗಗಳೆಲ್ಲ ಒಂದು ಕಡೆ ಬಸ್ ಇಳಿದು, ನಡೆದು, ಇನ್ನೊಂದು ಕಡೆ ಬಸ್ ಹತ್ತುವಂಥವು. ಕಾರು ಅಂದರೆ ಕಾಲಿಗೆ ಕಟ್ಟಿದ ಗುಂಡು.

ಈ ಸಲ ಅಕ್ಟೋಬರ್ ಮೊದಲ ವಾರ. ವಸತಿ ಪೇಟೆಯಲ್ಲಿ, ಡೊಲ್ಮುಶ್ ನಿಲ್ಲುವ ಜಾಗದಿಂದ ಐದು ನಿಮಿಷ. ಬೆಳಗ್ಗೆ ಎಲ್ಲರೂ ಕಾಯಾಕೊಯ್‌ಗೆ. 1923ರ ಗ್ರೀಸ್–ಟರ್ಕಿ ಜನವಿನಿಮಯದಲ್ಲಿ ಬರಿದಾದ ಊರು, ಗುಡ್ಡದ ತುಂಬ ಚಾವಣಿ ಇಲ್ಲದ ಮನೆಗಳು. ಅಮ್ಮ ಒಂದು ಹೊಸ್ತಿಲ ಹತ್ತಿರ ಬಹಳ ಹೊತ್ತು ಮಾತಾಡದೆ ನಿಂತರು. ಆಮೇಲೆ ಅಮ್ಮ, ಹೆಂಡತಿ ಡೊಲ್ಮುಶ್ ಹಿಡಿದರು. ನಾನು, ಮಗಳು ಬಣ್ಣದ ಗುರುತು ಹಿಡಿದು ಪೈನ್ ಮರಗಳ ನಡುವೆ ಇಳಿದೆವು, ಸುಮಾರು ಮೂರು ಗಂಟೆ. ದಾರಿಯಲ್ಲಿ ಇಬ್ಬರೇ ಕೂತು ಬುತ್ತಿ ಬಿಚ್ಚಿದ ಒಂದು ಬಂಡೆ ಇದೆ. ಕೆಳಗೆ ಇಡೀ ನೀಲಿ ಕಾಣುತ್ತದೆ. ಅದು ಎಲ್ಲಿ ಅಂತ ಮಾತ್ರ ಬರೆಯಲ್ಲ.

ಮಕ್ಕಳಿದ್ದರೆ ಟಿಕೆಟ್ ಕೊಟ್ಟಾದರೂ ಓಲುದೆನಿಜ್‌ನ ಒಳಗಿನ ಲಗೂನ್‌ಗೇ (ಕಡಲಿನ ಶಾಂತ ಹಿನ್ನೀರಿಗೆ) ಹೋಗಿ. ಹೊರಗಿನ ಬೆಲ್ಜೆಕಿಜ್ ದಂಡೆ ಪುಕ್ಕಟೆ, ಆದರೆ ನಾಲ್ಕು ಹೆಜ್ಜೆಗೆ ಆಳ.

ಸಕ್ಲಿಕೆಂಟ್‌ಗೂ ಡೊಲ್ಮುಶ್‌ನಲ್ಲೇ ಹೋಗಿ ನಾಲ್ಕು ಗಂಟೆ ಇದ್ದೆವು. ಮೊದಲು ದಾಟುವ ನೀರು ಮಂಜಿನಷ್ಟು ತಣ್ಣಗೆ, ಸೆಳೆತವೂ ಇದೆ. ಹವಾಯಿ ಚಪ್ಪಲಿ ಬೇಡ, ಹಿಂದೆ ಒಂದು ಜೊತೆ ಕೊಚ್ಚಿಹೋಗಿದೆ. ಪಟಾರಾದ 18 ಕಿ.ಮೀ. ಮರಳಿಗೆ ಹೋಗುವಾಗ ಹೆದ್ದಾರಿ ತಿರುವಿನಲ್ಲಿ ಇಳಿಸಿದರು. ಅಲ್ಲಿಂದ ನಡೆದದ್ದೇ ಅಮ್ಮನಿಗೆ ಹೆಚ್ಚಾಯಿತು, ಅದೊಂದು ನನ್ನ ತಪ್ಪು. ಆಮೆ ಮೊಟ್ಟೆ ಇಡುವ ದಂಡೆ ಅದು, ಆ ತಿಂಗಳುಗಳಲ್ಲಿ ರಾತ್ರಿ ಮುಚ್ಚುತ್ತಾರೆ. ಮಧ್ಯಾಹ್ನದ ಗಾಳಿಗೆ ಮರಳು ಮುಖಕ್ಕೇ ಬಡಿಯುತ್ತೆ. ಬೆಳಗ್ಗೆಯೇ ಹೋಗಿ.

ಅಡುಗೆಯಲ್ಲೂ ಪ್ರಯೋಗ ನಡೆಯಿತು: ಬುಲ್ಗುರ್ ಗೋಧಿಯಲ್ಲಿ ಉಪ್ಪಿಟ್ಟು ಚೆನ್ನಾಗಿ ಉದುರುದುರಾಗಿ ಬಂತು. ಅಂಗಡಿಯ ಐರಾನ್‌ಗೆ (ಮೊಸರಿನ ಉಪ್ಪುಪಾನೀಯ) ಅಮ್ಮ ಶುಂಠಿ, ಇಂಗು ಬೆರೆಸಿದರು, ಅಪ್ಪಟ ಮಜ್ಜಿಗೆ. ಓಡಾಟ, ಟಿಕೆಟ್ ಎಲ್ಲ ಸೇರಿ ನಾಲ್ಕು ಜನಕ್ಕೆ ಇನ್ನೂರು ಯೂರೋ ದಾಟಿಲ್ಲ. ಹಿಂದಿನ ಸಲ ಕಾರಿಗೇ ಮುನ್ನೂರೈವತ್ತರ ಹತ್ತಿರ ಹೋಗಿತ್ತು.

ಚಿಟ್ಟೆ ಕಣಿವೆ ಮಾತ್ರ ಆಗಲಿಲ್ಲ. ಅಲೆ ಜೋರಿತ್ತು, ದೋಣಿ ಬಿಡಲಿಲ್ಲ. ಮೇಲಿನ ಫರಾಲ್ಯಾ ಹಳ್ಳಿಯಿಂದ ಹಗ್ಗ ಹಿಡಿದು ಇಳಿಯುವ ದಾರಿಗೆ ಮಗಳನ್ನು ಕರೆದೊಯ್ಯುವ ಮನಸ್ಸಾಗಲಿಲ್ಲ, ಮೇಲಿಂದಲೇ ನೋಡಿ ಬಂದೆವು.