ಒಂಬತ್ತು ಡಂಜನ್ ಎನ್ನುವ ಮೊದಲು ಕೋಣೆ ಎಣಿಸಿ

ಝೆಲ್ಡಾದಂಥ ವಿಡಿಯೊ ಗೇಮ್ ಮೆಚ್ಚಿ ಅಭಿಮಾನಿಗಳೇ ಕಟ್ಟಲು ಹೊರಟು ಅರ್ಧಕ್ಕೇ ನಿಂತುಹೋಗುವ ಗೇಮ್‌ಗಳದ್ದು ಹೆಚ್ಚಾಗಿ ಒಂದೇ ಕಾಯಿಲೆ: ಡಂಜನ್ (ಶತ್ರು, ಒಗಟು, ಬೀಗಗಳ ಕೋಣೆಗಳಿರುವ ನೆಲಮಾಳಿಗೆ) ಎಷ್ಟು ಅಂತ ಮೊದಲೇ ಸಾರಿಬಿಟ್ಟಿರುತ್ತಾರೆ, ಕೋಣೆ ಎಷ್ಟು ಅಂತ ಯಾರೂ ಲೆಕ್ಕ ಹಾಕಿರುವುದಿಲ್ಲ.

1986ರ ಮೊದಲ ಝೆಲ್ಡಾದ ಹೊರಗಿನ ಲೋಕ 16 × 8, ಅಂದರೆ 128 ಸ್ಕ್ರೀನ್. ಪ್ರತಿ ಸ್ಕ್ರೀನಿಗೆ 16 × 11 ಟೈಲ್, ಅಂದರೆ ಚಿತ್ರ ಜೋಡಿಸುವ ಚೌಕ. ಮೊದಲ ಸುತ್ತಿನ ಒಂಬತ್ತೂ ಡಂಜನ್‌ಗಳು ಅಷ್ಟೇ ದೊಡ್ಡ ಎರಡು ನಕ್ಷೆಗಳಲ್ಲಿ ಒಂದು ಸ್ಕ್ರೀನಿಗೆ ಒಂದು ಕೋಣೆಯಂತೆ ಒತ್ತೊತ್ತಾಗಿ ಕೂತಿವೆ: 1ರಿಂದ 6 ಒಂದರಲ್ಲಿ, 7ರಿಂದ 9 ಇನ್ನೊಂದರಲ್ಲಿ. ಝೆಲ್ಡಾ ಮಾದರಿಯ ಆಟ ನಾವೇ ಕಟ್ಟಲು ಇರುವ ಝೆಲ್ಡಾ ಕ್ಲಾಸಿಕ್‌ನಂಥ ಎಡಿಟರ್‌ನಲ್ಲಿ ಜಾಗದ ಆ ಬಿಗಿ ಇಲ್ಲ, ಅಪಾಯ ಇರುವುದೇ ಅಲ್ಲಿ. ನೂರು ಸ್ಕ್ರೀನ್ ಸೇರಿಸಿದರೆ 17,600 ಟೈಲ್‌ಗಳಿಗೆ ನೀವೇ ಜವಾಬ್ದಾರರು.

ಮೊದಲ ಡಂಜನ್‌ಗೆ 12ರಿಂದ 16 ಕೋಣೆ, ನಡುವಿನವಕ್ಕೆ 20ರಿಂದ 25, ಕೊನೆಯದಕ್ಕೆ 40 ಸಾಕು. ಆಟದ ಅವಧಿಗೆ ಒಂದು ಒರಟು ಲೆಕ್ಕ: ಕಾದಾಟದ ಕೋಣೆಗೆ 1 ನಿಮಿಷ, ಒಗಟಿನದಕ್ಕೆ 3, ಕೊನೆಗೆ ಎದುರಾಗುವ ದೊಡ್ಡ ಶತ್ರು ಬಾಸ್‌ಗೆ 5. 14 ಕಾದಾಟ, 5 ಒಗಟು, ಒಂದು ಬಾಸ್ ಇದ್ದರೆ 34 ನಿಮಿಷ. ದಾರಿ ತಪ್ಪುವುದು, ಸಾಯುವುದು ಸೇರಿ ಹೊಸಬರಿಗೆ ಇದರ ಎರಡರಷ್ಟಾದರೂ ಹಿಡಿಯುತ್ತದೆ. ನೀವೇ ಆಡಿ ನೋಡಿದ ಸಮಯವನ್ನು ಮಾತ್ರ ನಂಬಬೇಡಿ. ಉತ್ತರ ಗೊತ್ತಿರುವವರ ಗಡಿಯಾರ ಅದು.

ಮೊದಲು ಒಂದು ನಡುಗಾತ್ರದ ಡಂಜನ್ ಅನ್ನು ಬಾಸ್, ಸಂಗೀತ, ಪರೀಕ್ಷೆ ಎಲ್ಲ ಸೇರಿಸಿ ಪೂರ್ತಿ ಮುಗಿಸಿ. ಅದಕ್ಕೆ ಮೂರು ವಾರ ಹಿಡಿದರೆ ಒಂಬತ್ತಕ್ಕೆ 27 ವಾರ, ಹೊರಗಿನ ಲೋಕ ಬೇರೆ. ಆಗಲೇ ಸಂಖ್ಯೆ ಇಳಿಸಿ. ಹೊಸ ಆಯುಧವನ್ನೋ ಹೊಸ ಉಪಾಯವನ್ನೋ ಕೊಡದ ಡಂಜನ್ ಅನ್ನೇ ಮೊದಲು ಕೈಬಿಡಿ. ಐದು ಗಟ್ಟಿ ಡಂಜನ್‌ಗಳ ಮುಂದೆ ಹನ್ನೆರಡು ಜಾಳು ಡಂಜನ್ ನಿಲ್ಲುವುದಿಲ್ಲ.

ಡಂಜನ್ ದೊಡ್ಡದಾದಷ್ಟೂ ಕೈಕೊಡುವುದು ಕೀಲಿ. ಒಂದು ಕೋಣೆಯಲ್ಲಿ ಬೀಗ ಹಾಕಿದ ಬಾಗಿಲು ಎರಡು, ಆಟಗಾರನ ಕೈಯಲ್ಲಿ ಕೀಲಿ ಒಂದು ಅಂದುಕೊಳ್ಳಿ. ಎಡಕ್ಕೆ ಬರೀ ಹಣದ ಪೆಟ್ಟಿಗೆ, ಬಲಕ್ಕೆ ಮುಂದಿನ ಕೀಲಿ. ಎಡ ಬಾಗಿಲು ತೆಗೆದವನ ಆಟ ಅಲ್ಲಿಗೇ ಮುಗಿಯಿತು. ಪ್ರತಿ ಕೀಲಿಯೂ ಅತ್ಯಂತ ನಿಷ್ಪ್ರಯೋಜಕ ಬಾಗಿಲಿಗೇ ಹೋಯಿತು ಎಂದಿಟ್ಟುಕೊಂಡು ಕಾಗದದ ಮೇಲೆ ನಡೆದು ನೋಡಿ. ಆಗಲೂ ಇನ್ನೊಂದು ಕೀಲಿ ಕೈಗೆಟುಕಬೇಕು. ಝೆಲ್ಡಾ ಕ್ಲಾಸಿಕ್‌ನಲ್ಲಿ ಇನ್ನೂ ಒಂದು ತಪ್ಪಾಗುತ್ತದೆ: ಎರಡು ಡಂಜನ್‌ಗಳ ಡಿಮ್ಯಾಪ್‌ಗೆ (ನಕ್ಷೆಯ ಒಂದು ಭಾಗದ ಲೆವೆಲ್, ಸಂಗೀತ ಮುಂತಾದವನ್ನು ಗೊತ್ತುಮಾಡುವ ಸೆಟ್ಟಿಂಗ್) ಒಂದೇ ಲೆವೆಲ್ ಸಂಖ್ಯೆ ಕೊಟ್ಟರೆ ಒಂದು ಲೆವೆಲ್‌ಗೆಂದೇ ಇಟ್ಟ ಕೀಲಿಯೂ ಇನ್ನೊಂದರಲ್ಲಿ ನಡೆಯುತ್ತದೆ. ಒಂದೇ ಡಂಜನ್‌ನ ಮಹಡಿಗಳಿಗೆ ಮಾತ್ರ ಒಂದೇ ಸಂಖ್ಯೆ ಇರಲಿ.

25 ಕೋಣೆ ದಾಟಿದ ಡಂಜನ್‌ಗೆ ನಡುವೆ ಒಂದು ಅಡ್ಡದಾರಿ ಬೇಕೇ ಬೇಕು. ಬಾಸ್ ಎದುರು ಸತ್ತವನು ಬಾಗಿಲಿಂದ ಮತ್ತೆ ಹದಿನೈದು ಕೋಣೆ ನಡೆದರೆ ಅದು ಆಟದ ಉದ್ದವಲ್ಲ, ಶಿಕ್ಷೆ.