ಚೇಳಿನ ಗಾಡಿಯ ಕಳೆದುಹೋದ ಉಸಿರು

2019ರ ಡಿಸೆಂಬರಿನಲ್ಲಿ ನಾನು ಪುಣೆಯ ಕೋಥ್ರೂಡಿನಲ್ಲಿದ್ದ ಒಬ್ಬ ನಿವೃತ್ತ ಇಂಜಿನಿಯರರಿಂದ ಫಿಯಾಟ್ ಕಂಪನಿಯ ಅಬಾರ್ಥ್ ಪುಂಟೋ ಕಾರನ್ನು ಕೊಂಡೆ. ಸುದ್ದಿ ತಿಳಿಸಿದಾಗ ಧಾರವಾಡದಲ್ಲಿರುವ ನನ್ನ ಅಣ್ಣ ಅಭಿನಂದನೆ ಹೇಳಲಿಲ್ಲ. "ಮಾಡಾವ್ರ ಗಾಡಿ ಮಾಡೂದು ಬಿಟ್ಟಾರ, ನೀ ಈಗ ತಗೊಂಡೀಯಲ್ಲೋ?" ಎಂದು ಕೇಳಿದ. ಅವನ ಪ್ರಶ್ನೆಯಲ್ಲಿ ತಪ್ಪೇನೂ ಇರಲಿಲ್ಲ. ಫಿಯಾಟ್ ಅದೇ ವರ್ಷ ಭಾರತದಲ್ಲಿ ತನ್ನ ಹೆಸರಿನ ಕಾರುಗಳನ್ನು ನಿಲ್ಲಿಸಿತ್ತು. 2020ರ ಏಪ್ರಿಲ್‌ನಿಂದ ಜಾರಿಗೆ ಬರಲಿದ್ದ, ಗಾಡಿಯ ಹೊಗೆಗೆ ಮಿತಿ ಹಾಕುವ ಬಿಎಸ್-6 ನಿಯಮಗಳಿಗೆ ಈ ಕಾರನ್ನು ಹೊಂದಿಸುವ ಗೋಜಿಗೆ ಯಾರೂ ಹೋಗಿರಲಿಲ್ಲ. ಆದರೆ ನನಗೆ ಬೇಕಾಗಿದ್ದುದು ಅದೇ ಕಾರು. 1368 ಸಿಸಿಯ ಟಿ-ಜೆಟ್ ಟರ್ಬೋ ಇಂಜಿನ್, 145 ಅಶ್ವಶಕ್ತಿ, 212 ನ್ಯೂಟನ್ ಮೀಟರ್ ಟಾರ್ಕ್, ನಾಲ್ಕೂ ಗಾಲಿಗಳಿಗೆ ಡಿಸ್ಕ್ ಬ್ರೇಕ್, ಇಂದಿನ ಕಾರುಗಳಲ್ಲಿ ಅಪರೂಪವಾಗಿರುವ ಹೈಡ್ರಾಲಿಕ್ ಸ್ಟೀರಿಂಗ್. 2015ರ ಅಕ್ಟೋಬರಿನಲ್ಲಿ ಬಿಡುಗಡೆಯಾದಾಗ ಇದರ ದೆಹಲಿ ಶೋರೂಮ್ ಬೆಲೆ 9.95 ಲಕ್ಷ ರೂಪಾಯಿ. ಆ ಬೆಲೆಗೆ ಅಷ್ಟು ಶಕ್ತಿಯನ್ನು ಆಗ ಬೇರೆ ಯಾರೂ ಕೊಡುತ್ತಿರಲಿಲ್ಲ.

ಕಾರಿನ ಮೂತಿಯ ಮೇಲೆ ಒಂದು ಚೇಳಿದೆ. ಅಬಾರ್ಥ್ ಸಂಸ್ಥೆಯನ್ನು 1949ರಲ್ಲಿ ಇಟಲಿಯಲ್ಲಿ ಕಟ್ಟಿದ ಕಾರ್ಲೋ ಅಬಾರ್ಥ್ ಹುಟ್ಟಿದ್ದು ನವೆಂಬರಿನಲ್ಲಿ. ತನ್ನ ವೃಶ್ಚಿಕ ರಾಶಿಯನ್ನೇ ಆತ ಗುರುತಾಗಿ ಇಟ್ಟುಕೊಂಡ. ನಮ್ಮ ಬಡಾವಣೆಯಲ್ಲಿ ಗಾಡಿ ರಿಪೇರಿ ಮಾಡುವ ಮರಾಠಿ ಮೇಸ್ತ್ರಿ ಕಾಕಾ ಇದನ್ನು ಇಂದಿಗೂ "ವಿಂಚೂ" ಎಂದೇ ಕರೆಯುತ್ತಾರೆ. ಆದರೆ ಕಾರು ಹುಟ್ಟಿದ್ದು ಇಟಲಿಯಲ್ಲಲ್ಲ, ಪುಣೆಯಿಂದ ಅಹಮದ್‌ನಗರದ (ಈಗಿನ ಅಹಿಲ್ಯಾನಗರದ) ದಾರಿಯಲ್ಲಿ ಸುಮಾರು ಐವತ್ತು ಕಿಲೋಮೀಟರ್ ದೂರದ ರಾಂಜಣಗಾವಿನ ಕಾರ್ಖಾನೆಯಲ್ಲಿ. ಹೆಸರಿಗೆ ಬದಲಾದ ಕಾಗದಗಳು ಕೈಗೆ ಬಂದ ವಾರ ರಾಂಜಣಗಾವಿನ ಮಹಾಗಣಪತಿಗೆ ಕಾಯಿ ಒಡೆಸಿ ಬಂದೆವು. ಮಗಳನ್ನು ತವರಿಗೆ ಕರೆದುಕೊಂಡು ಹೋದ ಹಾಗಾಯಿತು ಎಂದು ನನ್ನ ಹೆಂಡತಿ ನಕ್ಕಳು.

ಇಂಥ ಕಾರನ್ನು ಕೊಂಡವರು ಮೊದಲ ತಿಂಗಳಲ್ಲೇ ಅದರ ಶಕ್ತಿಯನ್ನು ಹೆಚ್ಚಿಸಲು ಹೊರಡುತ್ತಾರೆ. ನನಗೂ ಆ ಆಸೆ ಇತ್ತು. ಇಂಜಿನ್ನನ್ನು ನಡೆಸುವ ಕಂಪ್ಯೂಟರಾದ ಇಸಿಯುವಿನ ತಂತ್ರಾಂಶವನ್ನು ತಿದ್ದಿದರೆ ಟಿ-ಜೆಟ್ ಇನ್ನಷ್ಟು ಶಕ್ತಿ ಕೊಡುತ್ತದೆ ಎಂಬುದು ಗುಟ್ಟೇನಲ್ಲ. ನನ್ನನ್ನು ತಡೆದದ್ದು ಟೈರಿನ ಮೇಲಿನ ನಾಲ್ಕು ಅಂಕಿಗಳು. ಹಳೆಯ ಮಾಲೀಕರು ಗಾಡಿಯನ್ನು ಕಡಿಮೆ ಓಡಿಸಿದ್ದರಿಂದ ಟೈರುಗಳ ಗೆರೆಗಳು ಆಳವಾಗಿಯೇ ಇದ್ದವು. ನೋಡಿದವರೆಲ್ಲ "ಹೊಸದರಂತಿವೆ" ಎಂದಿದ್ದರು. ಪಕ್ಕದ ಗೋಡೆಯ ಮೇಲೆ 0616 ಎಂದು ಅಚ್ಚಾಗಿತ್ತು, ಅಂದರೆ 2016ನೆಯ ಇಸವಿಯ ಆರನೆಯ ವಾರ. ನಾಲ್ಕು ಬೇಸಿಗೆ ಕಂಡ ರಬ್ಬರು ಉಗುರಿನಿಂದ ಒತ್ತಿದರೂ ಬಗ್ಗುತ್ತಿರಲಿಲ್ಲ. ಮೊದಲ ಮಳೆಗೆ ಚಾಂದಣಿ ಚೌಕದ ಇಳಿಜಾರಿನಲ್ಲಿ ಬ್ರೇಕ್ ಹಾಕಿದಾಗ, ಗಾಲಿಗಳು ಸಿಕ್ಕಿಬಿದ್ದು ಜಾರದಂತೆ ತಡೆಯುವ ಎಬಿಎಸ್ ಕಾಲಿನಡಿ ಟಕಟಕ ಬಡಿಯತೊಡಗಿತು. ನಿಲ್ಲಬೇಕಿದ್ದ ಗೆರೆಯನ್ನು ದಾಟಿ ಒಂದು ಗಾಡಿಯುದ್ದ ಮುಂದೆ ಹೋಗಿ ನಿಂತೆ. ಇರುವ ಶಕ್ತಿಯನ್ನೇ ನೆಲಕ್ಕೆ ಮುಟ್ಟಿಸಲಾರದ ಗಾಡಿಗೆ ಇನ್ನಷ್ಟು ಶಕ್ತಿ ತುಂಬಿ ಮಾಡುವುದೇನು?

ಆದ್ದರಿಂದ ಕೆಲಸ ನೆಲದಿಂದ ಮೇಲಕ್ಕೆ ಸಾಗಿತು. 195/55 ಆರ್16 ಅಳತೆಯ ನಾಲ್ಕು ಹೊಸ ಟೈರುಗಳು ಬಂದವು. ಮುಂದಿನ ಗಾಲಿಗಳನ್ನು ಹಿಡಿದಿರುವ ಲೋವರ್ ಆರ್ಮ್‌ಗಳ ರಬ್ಬರ್ ಬುಷ್‌ಗಳು ಸೀಳಿದ್ದವು. ಅವು ಬದಲಾದ ಮೇಲೆ ಬ್ರೇಕ್ ಒತ್ತಿದಾಗ ಸ್ಟೀರಿಂಗ್ ಒಂದು ಕಡೆಗೆ ಎಳೆಯುವುದು ನಿಂತಿತು. ಬ್ರೇಕಿನ ಎಣ್ಣೆಯ ವಿಷಯವನ್ನು ಮಾತ್ರ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಅದನ್ನು ಬಹಳ ಜನ ಮರೆಯುತ್ತಾರೆ. ಆ ಎಣ್ಣೆ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್-4 ದರ್ಜೆಯ ಹೊಸ ಎಣ್ಣೆ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ತೇವ ಕುಡಿದ ಮೇಲೆ ಆ ಮಿತಿ 155 ಡಿಗ್ರಿಗೆ ಇಳಿಯಬಹುದು. ತಾಮ್ಹಿಣಿ ಘಾಟಿಯನ್ನು ಮಾಣಗಾವಿನ ಕಡೆಗೆ ಇಳಿಯುವಾಗ ಡಿಸ್ಕ್‌ಗಳು ಕಾದು ಎಣ್ಣೆಯೊಳಗೆ ಆವಿಯ ಗುಳ್ಳೆ ಎದ್ದರೆ ಪೆಡಲ್ ಸ್ಪಂಜಿನಂತೆ ಒಳಗೆ ಹೋಗುತ್ತದೆ. ನನ್ನ ಗಾಡಿಯಿಂದ ಹೊರಬಂದ ಎಣ್ಣೆ ಕಾಫಿ ಕಷಾಯದ ಬಣ್ಣಕ್ಕೆ ತಿರುಗಿತ್ತು. ಈಗ ಎರಡು ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಮೇಲೆ, ತಪ್ಪದೆ ಬದಲಿಸುತ್ತೇನೆ.

ಇಸಿಯು ತಿದ್ದುವ ಯೋಚನೆ ಕೈಬಿಟ್ಟದ್ದಕ್ಕೆ ಇನ್ನೊಂದು ಕಾರಣವೂ ಇದೆ. ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ, ತಯಾರಕರು ಮೂಲತಃ ಕೊಟ್ಟ ವಿವರಗಳಿಂದ ಬೇರೆಯಾಗುವಂತೆ ಗಾಡಿಯನ್ನು ಮಾರ್ಪಡಿಸಬಾರದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಖಚಿತಪಡಿಸಿತು. ಅಪಘಾತವಾದ ದಿನ ವಿಮಾ ಕಂಪನಿಯವರ ಮುಂದೆ ಕೈಕಟ್ಟಿ ನಿಲ್ಲುವ ಇಷ್ಟ ನನಗಿರಲಿಲ್ಲ. ಹಾಗೆಂದು ಕೈಗೆ ಮಸಿ ಹತ್ತಲಿಲ್ಲ ಎಂದಲ್ಲ. ಕಾರ್ಖಾನೆಯಿಂದ ಹೊರಬಂದ ದಿನ ಗಾಡಿ ಹೇಗಿತ್ತೋ ಆ ಸ್ಥಿತಿಗೆ ಅದನ್ನು ಮತ್ತೆ ತರುವುದೇ ಸಾಕಷ್ಟು ದೊಡ್ಡ ಕೆಲಸವೆಂಬುದು 2022ರ ಮಳೆಗಾಲದಲ್ಲಿ ನನಗೆ ಗೊತ್ತಾಯಿತು.

ಆ ಜುಲೈನಲ್ಲಿ ಧಾರವಾಡಕ್ಕೆ ಹೊರಟಿದ್ದೆ. ಪುಣೆಯಿಂದ ಸಾತಾರಾ ಕಡೆಗೆ ಹೋಗುವವರು ಆಗ ಖಂಬಾಟ್ಕಿ ಘಾಟಿಯನ್ನು ಹತ್ತಬೇಕಿತ್ತು. ಮರಳಿ ಬರುವಾಗ ಸುರಂಗವಿದೆ. ಈ ಏರನ್ನು ನನ್ನ ಕಾರು ಮೂರನೆಯ ಗೇರಿನಲ್ಲಿ ಆಟವಾಡುತ್ತ ಹತ್ತುತ್ತಿತ್ತು. ಅಂದು ಅರ್ಧಕ್ಕೆ ಬರುವಷ್ಟರಲ್ಲಿ ಎರಡನೆಯ ಗೇರು ಬೇಕಾಯಿತು. ಪಕ್ಕದಲ್ಲಿ ಈರುಳ್ಳಿ ತುಂಬಿದ ಟೆಂಪೋ ನನ್ನ ಜೊತೆಜೊತೆಗೇ ಬರುತ್ತಿತ್ತು ಎಂದರೆ ಸಾಕು. ಯಾವ ಎಚ್ಚರಿಕೆಯ ದೀಪವೂ ಹತ್ತಿರಲಿಲ್ಲ, ಇಂಜಿನ್ ನಡುಗುತ್ತಲೂ ಇರಲಿಲ್ಲ. ಗಾಡಿಗೆ ಉಬ್ಬಸ ಹಿಡಿದಂತಿತ್ತು, ಅಷ್ಟೆ.

ಪುಣೆಗೆ ಮರಳಿದ ಮೇಲೆ ಗಾಡಿ ತೋರಿಸಿದ ಒಂದು ಗ್ಯಾರೇಜಿನವರು, ಬಾನೆಟ್ ತೆರೆದು ಹತ್ತು ನಿಮಿಷ ನೋಡಿ, ಟರ್ಬೋ ಹೋಗಿದೆ, ತರಿಸಿ ಹಾಕಲು ಎಂಬತ್ತೈದು ಸಾವಿರವಾಗುತ್ತದೆ ಎಂದರು. ಹೇಗೆ ಗೊತ್ತಾಯಿತು ಎಂದು ಕೇಳಿದ್ದಕ್ಕೆ ಅನುಭವ ಎಂದರು. ನನ್ನ ಅನುಭವ ಅವರಷ್ಟಿಲ್ಲದಿದ್ದರೂ, ಹಾಳಾದ ಟರ್ಬೋ ಸಾಮಾನ್ಯವಾಗಿ ನೀಲಿ ಹೊಗೆಯಿಂದಲೋ ಸೀಟಿ ಹೊಡೆಯುವ ಸದ್ದಿನಿಂದಲೋ ತನ್ನ ರೋಗವನ್ನು ತಾನೇ ಹೇಳಿಕೊಳ್ಳುತ್ತದೆ ಎಂಬಷ್ಟು ಓದಿಕೊಂಡಿದ್ದೆ. ನನ್ನ ಗಾಡಿಯಲ್ಲಿ ಅವೆರಡೂ ಇರಲಿಲ್ಲ. ಸ್ಪಾರ್ಕ್ ಪ್ಲಗ್ ಮತ್ತು ಏರ್ ಫಿಲ್ಟರ್ ಬದಲಿಸಿ ನೋಡಿದೆ. ಹಣ ಹೋಯಿತು, ಉಬ್ಬಸ ಉಳಿಯಿತು.

ಆಮೇಲೆ ಮಾಡಿದ್ದು ಊಹೆಯನ್ನು ಬಿಟ್ಟು ಅಳೆಯುವ ಕೆಲಸ. ಫಿಯಾಟ್ ಗಾಡಿಗಳಿಗೆಂದೇ ಇರುವ ಮಲ್ಟಿಇಸಿಯುಸ್ಕ್ಯಾನ್ ಎಂಬ ತಂತ್ರಾಂಶವನ್ನು ಲ್ಯಾಪ್‌ಟಾಪಿನಲ್ಲಿ ಹಾಕಿ, ಗಾಡಿಯ ಕಂಪ್ಯೂಟರಿನಿಂದ ಮಾಹಿತಿ ಓದುವ ಒಬಿಡಿ ಕೇಬಲ್ ಜೋಡಿಸಿದೆ. ಇಂಜಿನ್ ಬಂದಾಗಿ ಕೀಲಿ ಮಾತ್ರ ತಿರುಗಿದ್ದಾಗ ಇಂಜಿನಿಗೆ ಗಾಳಿ ಹಂಚುವ ಮ್ಯಾನಿಫೋಲ್ಡಿನ ಒತ್ತಡಮಾಪಕ ಹೊರಗಿನ ಗಾಳಿಯ ಒತ್ತಡವನ್ನೇ ತೋರಿಸಬೇಕು. ಪುಣೆ ಸಮುದ್ರಮಟ್ಟಕ್ಕಿಂತ ಸುಮಾರು 560 ಮೀಟರ್ ಎತ್ತರದಲ್ಲಿರುವುದರಿಂದ ಅದು 950 ಮಿಲಿಬಾರ್‌ನ ಆಸುಪಾಸಿನಲ್ಲಿರಬೇಕು, ಹಾಗೆಯೇ ಇತ್ತು. ಮಾಪಕ ಸುಳ್ಳು ಹೇಳುತ್ತಿಲ್ಲ ಎಂದಾಯಿತು. ಬಳಿಕ ಹೆಂಡತಿಯ ಕೈಗೆ ಲ್ಯಾಪ್‌ಟಾಪ್ ಕೊಟ್ಟು, ನಸುಕಿನ ಖಾಲಿ ರಸ್ತೆಯಲ್ಲಿ ಮೂರನೆಯ ಗೇರಿನಲ್ಲಿ ಆಕ್ಸಿಲರೇಟರನ್ನು ಪೂರ್ತಿ ಒತ್ತಿದೆ. ಗಾಡಿ ಚೆನ್ನಾಗಿದ್ದಾಗ ನಾನು ಬರೆದಿಟ್ಟುಕೊಂಡಿದ್ದ ಅಂಕಿ 1800 ಮಿಲಿಬಾರಿಗೆ ಹತ್ತಿರವಿತ್ತು. "ಹದಿಮೂರು ನೂರಾ ತೊಂಬತ್ತು, ಮ್ಯಾಲೆ ಏರವಲ್ದು" ಎಂದಳು ಅವಳು.

ಟರ್ಬೋ ಎಂದರೆ ಇಂಜಿನ್ ಉಗುಳುವ ಹೊಗೆಯ ರಭಸದಿಂದ ಒಂದು ಚಕ್ರವನ್ನು ತಿರುಗಿಸಿ, ಅದೇ ದಂಡಕ್ಕೆ ಕೂತ ಇನ್ನೊಂದು ಚಕ್ರದಿಂದ ಗಾಳಿಯನ್ನು ಒತ್ತಿ ಇಂಜಿನಿಗೆ ಕಳಿಸುವ ಯಂತ್ರ. ಹಾಗೆ ಒತ್ತಿದ ಗಾಳಿ ಬಿಸಿಯಾಗುತ್ತದೆ. ಅದು ಇಂಟರ್‌ಕೂಲರ್ ಎಂಬ ಜಾಲರಿಯ ಮೂಲಕ ತಣಿದು ಇಂಜಿನ್ ಸೇರಬೇಕು. ಈ ದಾರಿಯುದ್ದಕ್ಕೂ ರಬ್ಬರ್ ಕೊಳವೆಗಳೂ ಕ್ಲಿಪ್ಪುಗಳೂ ಇವೆ. ಎಲ್ಲಾದರೂ ಒಂದು ಕಡೆ ಸೋರಿದರೆ ಒತ್ತಡ ಸಾಲದು. ಇಸಿಯು ಅದನ್ನು ತುಂಬಿಕೊಳ್ಳಲು ಟರ್ಬೋವನ್ನು ಇನ್ನಷ್ಟು ಜೋರಾಗಿ ತಿರುಗಿಸಲು ನೋಡುತ್ತದೆ. ಸೋರಿಕೆಯನ್ನು ಬಿಟ್ಟು ಹೊಸ ಟರ್ಬೋ ಕೂಡಿಸಿದ್ದರೆ ಆ ಎಂಬತ್ತೈದು ಸಾವಿರದ ಯಂತ್ರವೂ ದುಡಿದು ಸಾಯುತ್ತಿತ್ತು. ಕಷ್ಟವೆಂದರೆ, ಗಾಡಿ ನಿಂತು ಗುರುಗುಡುವಾಗ ಕೊಳವೆಯಲ್ಲಿ ಒತ್ತಡವೇ ಇರುವುದಿಲ್ಲ. ಸೀಳು ಮುಚ್ಚಿಕೊಂಡಿರುತ್ತದೆ, ಕಣ್ಣಿಗೂ ಕಿವಿಗೂ ಸಿಗುವುದಿಲ್ಲ. ಹಾಗಾಗಿ ನಿಂತ ಗಾಡಿಯ ಕೊಳವೆಗೆ ಹೊರಗಿನಿಂದ ಗಾಳಿ ತುಂಬಿ ಸೋರಿಕೆಯನ್ನು ಹುಡುಕಬೇಕಿತ್ತು.

ಪುಣೆಯ ಭೋಸರಿಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ವಿಜಯಪುರ ಕಡೆಯ ಒಬ್ಬರು ಲೇತ್ ಅಂಗಡಿ ಇಟ್ಟಿದ್ದಾರೆ. ಬಸವ ಜಯಂತಿಯ ಕಾರ್ಯಕ್ರಮವೊಂದರಲ್ಲಿ ಪರಿಚಯವಾದವರು. ಅವರ ಬಳಿ ಹೋಗಿ, ಟರ್ಬೋವಿನ ಬಾಯಿಗೆ ಬರುವ ಕೊಳವೆಯ ಒಳ ಅಳತೆಯನ್ನು ವರ್ನಿಯರಿನಲ್ಲಿ ಹಿಡಿದು, ಅಲ್ಯೂಮಿನಿಯಂ ದುಂಡಿನಿಂದ ಒಂದು ಮುಚ್ಚಳ ತಿರುವಿಸಿದೆ. ಕೊಳವೆ ಜಾರದಂತೆ ಅದರ ಅಂಚಿಗೆ ಒಂದು ಸಣ್ಣ ದಿಂಡು, ನಟ್ಟನಡುವೆ ಒಂದು ತೂತು, ಆ ತೂತಿಗೆ ಟ್ಯೂಬ್‌ಲೆಸ್ ಟೈರಿನ ವಾಲ್ವ್. ಏರ್ ಫಿಲ್ಟರ್ ಕಡೆಯ ಕೊಳವೆಯನ್ನು ಬಿಚ್ಚಿ ಅಲ್ಲಿ ಮುಚ್ಚಳ ಕೂಡಿಸಿ ಕ್ಲಿಪ್ ಬಿಗಿದೆವು. ಇಂಜಿನ್ನಿನ ಒಡಲಿಗೆ ಹೋಗುವ ಉಸಿರುಗೊಳವೆಯನ್ನೂ ಮುಚ್ಚಬೇಕು. ಇಲ್ಲದಿದ್ದರೆ ಗಾಳಿ ಅತ್ತ ನುಗ್ಗಿ ಎಣ್ಣೆಯ ಸೀಲುಗಳಿಗೆ ಪೆಟ್ಟಾಗುತ್ತದೆ. ಕಾಲಿನಿಂದ ಒತ್ತುವ ಪಂಪಿನಿಂದ ಗಾಳಿ ಹಾಕತೊಡಗಿದೆ. ಹತ್ತು ಪಿಎಸ್‌ಐ ದಾಟಬಾರದೆಂದು ಮೊದಲೇ ನಿಶ್ಚಯಿಸಿದ್ದೆ. ಯಾವುದೋ ಸಿಲಿಂಡರಿನ ವಾಲ್ವ್ ತೆರೆದಿದ್ದರೆ ಪಂಪಿನ ಮಾಪಕದ ಮುಳ್ಳು ನಿಧಾನವಾಗಿ ಇಳಿಯುವುದು ಸಹಜ. ಇಲ್ಲಿ ಏಳು ಮುಟ್ಟುವ ಮೊದಲೇ ದಡದಡನೆ ಬೀಳುತ್ತಿತ್ತು. ಅಂಗಡಿಯ ಯಂತ್ರಗಳನ್ನೆಲ್ಲ ನಿಲ್ಲಿಸಿ, ಅವರು ಬಂಪರಿನ ಕೆಳಗೆ ತಲೆ ಹಾಕಿ ಕಿವಿಗೊಟ್ಟರು.

"ಸರ, ಇಲ್ಲೇ ಉಸ್ಸ್ ಅನ್ನಾಕತ್ತೈತ್ರೀ, ಪಂಪ್ ಬಿಡಬ್ಯಾಡ್ರಿ."

ಪಾತ್ರೆ ತೊಳೆಯುವ ಸಾಬೂನಿನ ನೀರನ್ನು ಸಿಂಪಡಿಸಿದಾಗ, ಇಂಟರ್‌ಕೂಲರಿಗೆ ಹೋಗುವ ಕೊಳವೆಯ ಅಡಿಭಾಗದಲ್ಲಿ, ಕ್ಲಿಪ್ಪಿನ ಅಂಚಿಗೆ ಹೊಂದಿಕೊಂಡಂತೆ, ನೊರೆ ಉಕ್ಕಿ ಬಂತು. ಬಿಚ್ಚಿ ನೋಡಿದರೆ ಉಗುರಿನ ಆಕಾರದ, ಅರ್ಧ ಇಂಚಿನ ಸೀಳು. ಯಾರೋ ಹಿಂದೆ ಕ್ಲಿಪ್ಪನ್ನು ಅತಿಯಾಗಿ ಬಿಗಿದಿದ್ದರು. ಟರ್ಬೋದಿಂದ ಬರುವ ಎಣ್ಣೆಯ ತೆಳು ಮಂಜಿನಿಂದ ರಬ್ಬರು ಮೆತ್ತಗಾಗಿ ಅಲ್ಲಿ ಹರಿದಿತ್ತು. ಸೀಳಿನ ಸುತ್ತ ಎಣ್ಣೆ ಬೆರೆತ ಧೂಳು ಕಪ್ಪಗೆ ಮೆತ್ತಿಕೊಂಡಿದ್ದನ್ನು ನಾನು ಮೊದಲ ದಿನವೇ ನೋಡಿದ್ದೆ, ಮಳೆಯ ಕೆಸರೆಂದು ಬಿಟ್ಟಿದ್ದೆ. ಅದು ನನ್ನ ದಡ್ಡತನ.

ಹರಿದ ತುದಿಯನ್ನು ಕತ್ತರಿಸಿ, ಉಳಿದದ್ದನ್ನು ಎಳೆದು ಕೂಡಿಸಿಕೊಂಡು ಒಂದು ತಿಂಗಳು ಓಡಿಸಿದೆ. ಆ ಭಾಗಕ್ಕಾಗಿ ನಾನಾ ಪೇಠದ ಬಿಡಿಭಾಗಗಳ ಅಂಗಡಿಗಳನ್ನು ಎರಡು ಶನಿವಾರ ಸುತ್ತಿದರೂ ಮೂಲ ಕೊಳವೆ ಸಿಗಲಿಲ್ಲ. ಕೊನೆಗೆ ಪದರಗಳಿರುವ ಸಿಲಿಕೋನ್ ಕೊಳವೆಯನ್ನು ಅಳತೆ ಕೊಟ್ಟು ತರಿಸಿದೆ. ಬರೀ ಸಿಲಿಕೋನ್ ಆದರೆ ಎಣ್ಣೆಯನ್ನು ಹೀರಿ ಬೆವರುತ್ತದೆ. ಒಳಗೆ ಎಣ್ಣೆ ತಡೆಯುವ ಫ್ಲೋರೋ ಪದರವಿರುವುದನ್ನೇ ಕೇಳಿ ಪಡೆಯಬೇಕು. ಕ್ಲಿಪ್ಪನ್ನು ಈ ಸಲ ಬಿಗಿತವನ್ನು ಅಳೆಯುವ ಟಾರ್ಕ್ ಪಾನಾ ಹಿಡಿದು ಹಿತಮಿತವಾಗಿ ಬಿಗಿದೆ. ಪರೀಕ್ಷೆಗೆ ಹೋದಾಗ ಹೆಂಡತಿ ಓದಿದ ಅಂಕಿ 1810. ಮುಚ್ಚಳ, ವಾಲ್ವ್, ಕೊಳವೆ, ಕ್ಲಿಪ್ಪು ಎಲ್ಲ ಸೇರಿ ನಾಲ್ಕು ಸಾವಿರದೊಳಗೆ ಮುಗಿದಿತ್ತು. ಲೇತಿನವರು ಮಜೂರಿ ತೆಗೆದುಕೊಳ್ಳಲು ಒಪ್ಪದ್ದರಿಂದ ಧಾರವಾಡದಿಂದ ಎರಡು ಡಬ್ಬಿ ಪೇಢೆ ತಂದುಕೊಟ್ಟೆ.

ದಿನನಿತ್ಯದ ಸಂಸಾರದಲ್ಲಿ ಈ ಕಾರಿಗೆ ದೋಷಗಳಿಲ್ಲವೆಂದಲ್ಲ. ನೆಲದಿಂದ 155 ಮಿಲಿಮೀಟರ್ ಮಾತ್ರ ಎತ್ತರವಿರುವುದರಿಂದ ನಮ್ಮ ಸೊಸೈಟಿಯ ಬಾಗಿಲಿನ ದಿಬ್ಬವನ್ನು ಓರೆಯಾಗಿಯೇ ದಾಟಬೇಕು. ಕರ್ವೆ ರಸ್ತೆಯ ಸಂಜೆಯ ಗದ್ದಲದಲ್ಲಿ ಕ್ಲಚ್ ಎಡ ಮೊಣಕಾಲನ್ನು ಅರೆಯುತ್ತದೆ. ಊರಿನೊಳಗೆ ಲೀಟರಿಗೆ ಒಂಬತ್ತು ಕಿಲೋಮೀಟರ್ ಸಿಕ್ಕರೆ ನನ್ನ ಪುಣ್ಯ. ದೂರ ಪ್ರಯಾಣ ಮಾಡಿ ಬಂದಾಗ, ಇಂಜಿನ್ ನಿಲ್ಲಿಸುವ ಮುನ್ನ ಒಂದು ನಿಮಿಷ ಹಾಗೆಯೇ ಬಿಟ್ಟು, ಟರ್ಬೋವಿನ ಬೇರಿಂಗಿಗೆ ಎಣ್ಣೆ ಹರಿದು ತಣಿಯಲು ಬಿಡುತ್ತೇನೆ. ಅಷ್ಟರಲ್ಲಿ ಹಿಂದಿನಿಂದ ಯಾರಾದರೂ ಹಾರ್ನ್ ಹೊಡೆದೇ ಹೊಡೆಯುತ್ತಾರೆ. ಕಳೆದ ದೀಪಾವಳಿಗೆ ಕಿತ್ತೂರಿನಿಂದ ಧಾರವಾಡದವರೆಗೆ ಅಣ್ಣನೇ ಓಡಿಸಿದ. ಇಳಿದ ಮೇಲೆ ಅವನು ಕಾರಿನ ಗುಣದ ಬಗ್ಗೆ ಏನೂ ಹೇಳಲಿಲ್ಲ. "ಬೆಲ್ಟ್ ಯಾವಾಗ ಬದಲಿ ಮಾಡ್ಸಿ?" ಎಂದಷ್ಟೇ ಕೇಳಿದ. ಟೈಮಿಂಗ್ ಬೆಲ್ಟ್ ಮತ್ತು ನೀರಿನ ಪಂಪು ಎರಡನ್ನೂ ತರಿಸಿ ಕಪಾಟಿನಲ್ಲಿ ಇಟ್ಟಿದ್ದೇನೆ. ಈ ಬೇಸಿಗೆಯಲ್ಲಿ ಮೇಸ್ತ್ರಿ ಕಾಕಾ ಬಿಡುವಾದಾಗ ಆ ಕೆಲಸ.

ಅಲ್ಯೂಮಿನಿಯಂ ಮುಚ್ಚಳ ಮಾತ್ರ ಈಗ ನನ್ನ ಬಳಿ ಇಲ್ಲ. ಇದೇ ಟಿ-ಜೆಟ್ ಇಂಜಿನ್ನಿನ ಫಿಯಾಟ್ ಲಿನಿಯಾ ಕಾರು ಇಟ್ಟುಕೊಂಡಿರುವ ಚಾಕಣದ ಒಬ್ಬರು, ತಮ್ಮ ಗಾಡಿಗೂ ಉಬ್ಬಸ ಬಂದಿದೆಯೆಂದು ಹೋದ ತಿಂಗಳು ಕೇಳಿ ಒಯ್ದಿದ್ದಾರೆ.